ನೋವಿಗೆ ಒಂಬತ್ತು ಅಂಕ

ಸಾಗರದಿಂದ ಹೊರಡುವ ಬೆಳಗಿನ ಬಸ್ಸಿನಲ್ಲಿ ಕಳೆದೊಂದು ವರ್ಷದೊಳಗೆ ನಾನು ಮೂರು ಸಲ ಒಬ್ಬ ಹೆಣ್ಣುಮಗಳ ಜೊತೆಗೆ ಪಯಣ ಮಾಡಿದ್ದೇನೆ. ಆಕೆಯ ಮಗ ನನ್ನಲ್ಲಿ ಓದಿದವನು. ಈಗ ದೂರದ ಊರಿನಲ್ಲಿ ದುಡಿಯುತ್ತಾನೆ. ಅವನ ಕೋರಿಕೆಯಂತೆ ಕಾಗದಪತ್ರಗಳ ಚೀಲವನ್ನು ಹೊರುವ ಕೆಲಸ ನನ್ನ ಪಾಲಿಗೆ ಬಂದಿತು. ಆಕೆಗೆ ಬೇಕಾಗಿರುವುದು ಶೇಕಡಾ 2 ಮಾತ್ರ. ವೈದ್ಯರ ಮಂಡಳಿಯೊಂದು ಆಕೆಯ ಅಂಗವೈಕಲ್ಯವನ್ನು ಅಳೆದು ಶೇಕಡಾ 38 ಎಂದು ಬರೆದಿದೆ. ಸೌಲಭ್ಯಗಳಿಗೆ ಕಾನೂನು ಕೇಳುವುದು 40. ಈ ಅಂತರದ ಮೇಲೆ ಮೇಲ್ಮನವಿ ಸಲ್ಲಿಸಿ ವಿಚಾರಣೆಯನ್ನು ಎದುರುನೋಡುತ್ತ ಕುಳಿತಿದ್ದೇವೆ.

ಆಕೆಯ ಸೊಂಟವನ್ನು ಸವೆಸಿದ ಕಾಯಿಲೆಗೆ ನಮ್ಮ ಸೀಮೆಯ ಊರಿನದೇ ಹೆಸರು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1974-75ರ ಸುಮಾರಿಗೆ ಮೊದಲು ಲಕ್ಷ್ಯಕ್ಕೆ ಬಂದ ಈ ಕೀಲುರೋಗವನ್ನು ವೈದ್ಯಸಾಹಿತ್ಯ ಇಂದಿಗೂ ಹಂದಿಗೋಡು ಕಾಯಿಲೆ ಎಂದೇ ಕರೆಯುತ್ತದೆ. ಆಮೇಲೆ ಹೊಸನಗರ, ತೀರ್ಥಹಳ್ಳಿಗಳ ಕಡೆಗೂ, ಚಿಕ್ಕಮಗಳೂರು ಜಿಲ್ಲೆಗೂ ಹರಡಿಕೊಂಡ ಕುಟುಂಬಗಳು ಬೆಳಕಿಗೆ ಬಂದವು. ಬಹುಮಟ್ಟಿಗೆ ಎಲ್ಲರೂ ಪರಿಶಿಷ್ಟ ಜಾತಿಗಳ ಕೂಲಿಯವರು. ಕೆಲವರಲ್ಲಿ ಸೊಂಟದ ಕೀಲು ಸವೆದು ನಡಿಗೆ ಕುಂಟುತ್ತದೆ. ಕೆಲವರಲ್ಲಿ ಬೆನ್ನೆಲುಬೂ ಕೆಡುತ್ತದೆ. ಇನ್ನು ಕೆಲವರು ಬೆಳೆಯುವುದೇ ಇಲ್ಲ, ಕುಳ್ಳರಾಗಿ ಉಳಿಯುತ್ತಾರೆ. ಒಂದೇ ಮನೆಯ ಅಂಗಳದಲ್ಲಿ ಈ ಮೂರು ಬಗೆಯವರನ್ನೂ ನಾನು ಕಂಡಿದ್ದೇನೆ.

ಮೊದಮೊದಲು ಅನುಮಾನ ಹೋದದ್ದು ಗದ್ದೆಯ ಏಡಿಯ ಮೇಲೆ. ಬೆಳೆಗೆ ಹೊಡೆದ ಕೀಟನಾಶಕ ಏಡಿಯನ್ನು ಸೇರಿ, ಅದನ್ನು ತಿಂದವರ ಎಲುಬನ್ನು ಸೇರಿತೆಂಬುದು ಆಗಿನ ಊಹೆ. 1990ರ ದಶಕದಲ್ಲಿ ಲಖ್ನೋದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಸಂಶೋಧಕರು ವಂಶವೃಕ್ಷಗಳನ್ನು ಪರಿಶೀಲಿಸಿ, ಇದು ಎಲುಬಿನ ಬೆಳವಣಿಗೆಯ ಆನುವಂಶಿಕ ದೋಷವೆಂದೂ, ತಂದೆತಾಯಿಯರಲ್ಲಿ ಒಬ್ಬರಿಗಿದ್ದರೂ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧವೆಂದೂ ತೋರಿಸಿದರು. ಇದನ್ನು ಹೋಲುವ ರೋಗವೊಂದು ದಕ್ಷಿಣ ಆಫ್ರಿಕದ ಮ್ಸೆಲೇನಿ ಎಂಬ ಸೀಮೆಯಲ್ಲಿಯೂ ಇದೆ. ಅದಕ್ಕೂ ಊರಿನ ಹೆಸರೇ ಅಂಟಿಕೊಂಡಿದೆ.

ಕಾರಣ ಏಡಿಯಲ್ಲ, ರಕ್ತ ಎಂದು ತಿಳಿದದ್ದರಿಂದ ವಿಜ್ಞಾನ ಮುಂದೆ ಹೋಯಿತು. ರೋಗಿಗಳ ಅಹವಾಲು ಮಾತ್ರ ಹಿಂದಕ್ಕೆ ಬಿತ್ತೆಂದು ನನ್ನ ಭಾವನೆ. ಕಾಸರಗೋಡಿನ ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದ ದುರಂತವನ್ನು ನೆನೆಯಿರಿ. ಅಲ್ಲಿ ವಿಷಕ್ಕೆ ಹೆಸರಿತ್ತು, ಸಿಂಪಡಿಸಿದವರಿದ್ದರು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಆ ಹಣ ನ್ಯಾಯವಾದದ್ದೇ. ಆದರೆ ಹೊಣೆಗಾರನಿಲ್ಲದ ನೋವಿಗೆ ಪರಿಹಾರವೆಂಬ ಮಾತೇ ಹುಟ್ಟುವುದಿಲ್ಲ. ಉಳಿಯುವುದು ಮಾಸಾಶನ, ಮಾಸಾಶನಕ್ಕೆ ಪ್ರಮಾಣಪತ್ರ, ಪ್ರಮಾಣಪತ್ರಕ್ಕೆ ಶೇಕಡಾವಾರು.

ಆ ಶೇಕಡಾವಾರು ಹುಟ್ಟುವ ಬಗೆಯನ್ನು ಕೊಂಚ ನೋಡಬೇಕು. 1995ರ ಕಾಯಿದೆ 7 ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 2016ರ ಕಾಯಿದೆ 21 ಬಗೆಗಳನ್ನು ಗುರುತಿಸುತ್ತದೆ, ಕುಬ್ಜತೆಯೂ ಅದರಲ್ಲೊಂದು. 2018ರ ಮಾರ್ಗಸೂಚಿಯ ಪ್ರಕಾರ ಎತ್ತರದಲ್ಲಿ ಕುಂದಿದ ಒಂದೊಂದು ಅಂಗುಲಕ್ಕೆ ಶೇಕಡಾ 4. ಕಾಲಿನ ವಿಷಯದಲ್ಲಾದರೆ ಕೀಲು ಎಷ್ಟು ಬಾಗುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ, ದೇಹ ಎಷ್ಟು ಸ್ಥಿರವಾಗಿ ನಿಲ್ಲುತ್ತದೆ ಎಂಬ ಲೆಕ್ಕ. ನೋವಿಗೂ ಅಲ್ಲಿ ಸ್ಥಳವಿತ್ತು: ಅಲ್ಪವಾದರೆ 3, ಮಧ್ಯಮವಾದರೆ 6, ತೀವ್ರವಾದರೆ 9 ಅಂಕ. ಮಾರ್ಗಸೂಚಿ 2024ರಲ್ಲಿ ಪರಿಷ್ಕಾರಗೊಂಡಿತು. ಅಳತೆಯ ಮೂಲತತ್ತ್ವವೇನೂ ಬದಲಾಗಲಿಲ್ಲ.

ನಮ್ಮ ಮೇಲ್ಮನವಿಯ ಆಧಾರ ಇಲ್ಲಿಯೇ ಇದೆ. ಆಕೆಯ ಪತ್ರದಲ್ಲಿ ನೋವಿನ ಎದುರಿನ ಜಾಗ ಖಾಲಿಯಾಗಿತ್ತು. ಕೇಳಿದಾಗ ಆಕೆ ಹೇಳಿದ್ದಿಷ್ಟು: "ಬಗ್ಗಿಸಿ ಅಂದ್ರು, ಬಗ್ಗಿಸ್ದೆ ಮೇಷ್ಟ್ರೇ. ನೋವಾಗ್ತದಾ ಅಂತ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಹೇಳದೆ ಇರುವುದು ನಮ್ಮ ಕೂಲಿಯವರ ಹಳೆಯ ಅಭ್ಯಾಸ. ಗದ್ದೆಯ ಬದುವಿನಲ್ಲಿ ನೋವೆಂದವರಿಗೆ ಮರುದಿನದ ಕರೆ ಬರುವುದಿಲ್ಲ.

ಇನ್ನೊಂದು ವಿಚಿತ್ರವುಂಟು. 2016ರ ಕಾಯಿದೆಯ ವ್ಯಾಖ್ಯೆ ಉದಾರವಾದದ್ದು. ದೇಹದ ಕೊರತೆಯೊಂದೇ ವೈಕಲ್ಯವಲ್ಲ, ಆ ಕೊರತೆ ಸುತ್ತಣ ಅಡೆತಡೆಗಳೊಡನೆ ಸೇರಿ ಮನುಷ್ಯನು ಸಮಾಜದಲ್ಲಿ ಪಾಲ್ಗೊಳ್ಳುವುದನ್ನು ತಡೆಯುವುದೇ ವೈಕಲ್ಯ ಎಂಬರ್ಥದ ಮಾತು ಅಲ್ಲಿದೆ. ಭಾರತವು 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯಿಂದ ಬಂದ ವಿಚಾರವಿದು. ನಮ್ಮ ಮಲೆನಾಡಿನಲ್ಲಿ ಅಡೆತಡೆ ಎಂದರೆ ಮನೆಗೂ ರಸ್ತೆಗೂ ನಡುವಣ ದರೆ, ಮಳೆಗಾಲದ ಹಳ್ಳ, ಅದರ ಮೇಲೆ ಹಾಕಿದ ಅಡಿಕೆಮರದ ಸಂಕ. ಆಸ್ಪತ್ರೆಯ ಸಪಾಟು ಮಂಚದ ಮೇಲೆ ಮಲಗಿಸಿ ಅಳೆದಾಗ ಈ ಸಂಕ ಲೆಕ್ಕಕ್ಕೆ ಬರುವ ದಾರಿಯಿಲ್ಲ. ವ್ಯಾಖ್ಯೆಯಲ್ಲಿ ಒಪ್ಪಿಕೊಂಡದ್ದನ್ನು ಅಳತೆಪಟ್ಟಿ ಮರೆಯುತ್ತದೆ.

ಗೆದ್ದರೂ ದೊರೆಯುವುದು ಬಹಳವೇನಲ್ಲ. ರಾಜ್ಯದ ಮಾಸಾಶನದ ಬಾಗಿಲು 40ಕ್ಕೆ ತೆರೆಯುತ್ತದೆ. ಕೇಂದ್ರದ ಇಂದಿರಾಗಾಂಧಿ ಅಂಗವಿಕಲ ಪಿಂಚಣಿಗೆ ಶೇಕಡಾ 80 ಆಗಬೇಕು, ಅದರ ಮೊತ್ತ ತಿಂಗಳಿಗೆ 300 ರೂಪಾಯಿ. ಇಷ್ಟಕ್ಕಾಗಿ ಕಾಯುವುದು ಎಷ್ಟು ದಿನ? ಕಾಯಿದೆಯ 59ನೆಯ ಪ್ರಕರಣ ಮೇಲ್ಮನವಿಯ ಹಕ್ಕನ್ನು ಕೊಡುತ್ತದೆ, ವಿಧಾನವನ್ನು ರಾಜ್ಯ ಸರ್ಕಾರಕ್ಕೆ ಬಿಡುತ್ತದೆ. ಅರ್ಜಿದಾರ ನಿಗದಿತ ಅವಧಿಯೊಳಗೆ ಬರಬೇಕೆಂದು ಹೇಳುವ ಆ ಪ್ರಕರಣ, ಪ್ರಾಧಿಕಾರ ಎಷ್ಟರೊಳಗೆ ತೀರ್ಮಾನಿಸಬೇಕೆಂಬ ಗಡುವನ್ನು ತಾನು ಹೇಳುವುದಿಲ್ಲ. 2024ರ ಅಕ್ಟೋಬರಿನ ತಿದ್ದುಪಡಿ ನಿಯಮಗಳು ಪ್ರಮಾಣಪತ್ರ ನೀಡುವ ಅವಧಿಯನ್ನೇ ಒಂದು ತಿಂಗಳಿಂದ ಮೂರು ತಿಂಗಳಿಗೆ ಹಿಗ್ಗಿಸಿದವು. ಎರಡು ವರ್ಷ ತೀರ್ಮಾನವಾಗದ ಅರ್ಜಿ ನಿಷ್ಕ್ರಿಯವಾಗುವುದೆಂದೂ ಸೇರಿಸಿದವು. ತಡಮಾಡಿದವರು ಬೇರೆ, ಅರ್ಜಿ ಕಳೆದುಕೊಳ್ಳುವವರು ಬೇರೆ.

ಬ್ರಿಟನ್ನಿನಲ್ಲಿಯೂ ಇಂಥ ಮೇಲ್ಮನವಿದಾರರು ತಿಂಗಳುಗಟ್ಟಲೆ ಕಾಯುತ್ತಾರೆ. ಆದರೆ ಅಲ್ಲಿನ ಮುಖ್ಯ ಅಂಗವೈಕಲ್ಯ ಭತ್ಯೆಯ ವಿಚಾರಣೆಗೆ ಕೂರುವುದು ಸ್ವತಂತ್ರ ನ್ಯಾಯಪೀಠ: ಒಬ್ಬ ನ್ಯಾಯಾಧೀಶ, ಒಬ್ಬ ವೈದ್ಯ, ಅಂಗವೈಕಲ್ಯದ ಬದುಕನ್ನು ಬಲ್ಲ ಮೂರನೆಯವರೊಬ್ಬರು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕಾಗೋಡಿನ ಗೇಣಿದಾರರು 1951ರಲ್ಲಿ ಸತ್ಯಾಗ್ರಹ ಹೂಡಿದ ತಾಲ್ಲೂಕು ನಮ್ಮದು. 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ಕಾನೂನು ಜಾರಿಗೆ ಬಂದಾಗ ನ್ಯಾಯಮಂಡಳಿಗಳು ತಾಲ್ಲೂಕುಗಳಿಗೇ ಬಂದು ಕೂತವು; ಅಧಿಕಾರಿಯ ಪಕ್ಕದಲ್ಲಿ ಸರ್ಕಾರೇತರ ಸದಸ್ಯರಿದ್ದರು; ವಕೀಲರಿಗೆ ಪ್ರವೇಶವಿರಲಿಲ್ಲ; ಗೇಣಿದಾರ ತನ್ನ ಬಾಯಿಂದಲೇ ಹೇಳಿಕೊಂಡ. ಅವುಗಳಲ್ಲಿ ಲೋಪಗಳಿದ್ದವು, ಬಲ್ಲೆ. ಆದರೂ ನೆಲದ ಗಡಿಯನ್ನು ನೋಡಲು ಊರಿಗೆ ಬಂದ ಸರ್ಕಾರ, ಮನುಷ್ಯನ ನಡಿಗೆಯನ್ನು ನೋಡಲು ಯಾಕೆ ಬರಬಾರದು? ಹಂದಿಗೋಡು ಕಾಯಿಲೆಯ ಕುಟುಂಬಗಳನ್ನು ಸಂಶೋಧಕರು ಮನೆಬಾಗಿಲಿಗೆ ಬಂದು ಪರೀಕ್ಷಿಸಿದ್ದಾರೆ. ಮೇಲ್ಮನವಿಯ ಮಂಡಳಿ ಸಾಗರದಲ್ಲೊಂದು ದಿನ, ಹೊಸನಗರದಲ್ಲೊಂದು ದಿನ, ತೀರ್ಥಹಳ್ಳಿಯಲ್ಲೊಂದು ದಿನ ಕೂರುವುದಕ್ಕೆ ಹೊಸ ಕಾಯಿದೆಯೇನೂ ಬೇಕಿಲ್ಲ.

ನಮ್ಮ ಮೂರನೆಯ ಪಯಣ ವಿಚಾರಣೆಗೆಂದೇ ಆಗಿತ್ತು. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕುಳಿತೆವು. ಆಕೆ ಕೂರಲಾರದೆ ಗೋಡೆಗೊರಗಿ ನಿಂತಳು. ಮೂರು ಗಂಟೆಗೆ ಬಂದ ಗುಮಾಸ್ತರು, ಸದಸ್ಯರೊಬ್ಬರು ಬಂದಿಲ್ಲವೆಂದು ಮುಂದಿನ ತಾರೀಖನ್ನು ಬರೆದುಕೊಟ್ಟರು. ಚೀಟಿಯನ್ನು ನನ್ನಿಂದ ಓದಿಸಿಕೊಂಡ ಆಕೆ ಬೆರಳಲ್ಲಿ ಲೆಕ್ಕ ಹಾಕಿ, "ಅದು ನಾಟಿ ದಿನ ಮೇಷ್ಟ್ರೇ" ಎಂದಳು. ಸೊಂಟ ಹೀಗಿದ್ದೂ ಸಸಿಕಟ್ಟು ಕೈಗೆ ಕೊಡುವ ಅರ್ಧ ಕೂಲಿಯ ಕೆಲಸ ಆಕೆಗಿದೆ. ತಾರೀಖು ಬದಲಿಸಬಹುದೇ ಎಂದು ಕೇಳಲು ನಾನು ಒಳಗೆ ಹೋದೆ. ಬದಲಿಸಲು ಇನ್ನೊಂದು ಅರ್ಜಿ ಕೊಡಬೇಕೆಂದರು. ಬರೆಯಲು ಕುಳಿತೆ.