ಜಪಾನೀಸ್ ಕಲಿಯೋಕೆ ಇಂಗ್ಲಿಷ್ ದಾರಿ ಯಾಕೆ?

ನರಸಾಪುರದಲ್ಲಿ ಹೋಂಡಾ ಕಾರ್ಖಾನೆ ಶುರುವಾಗಿದ್ದು 2013ರಲ್ಲಿ. ಅಂಥ ಕಡೆ ಕೆಲಸಕ್ಕೆ ಅನುಕೂಲ ಆಗುತ್ತೆ ಅಂತ ಜಪಾನೀಸ್ ಕಲಿಯೋ ಆಸೆ ನಮ್ಮಲ್ಲಿ ಹಲವರಿಗಿದೆ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು 'ಇಂಗ್ಲಿಷೇ ಕಷ್ಟ, ಇನ್ನು ಜಪಾನೀಸಾ?' ಅಂತ ಹಿಂದೆ ಸರೀತಾರೆ. ನಿಜಕ್ಕೂ ಅವರಿಗೇ ಇದು ಸುಲಭ.

'ವತಾಶಿ ವ ಕೋಲಾರ ನಿ ಇಕಿಮಸ್.' ನಾನು ಕೋಲಾರಕ್ಕೆ ಹೋಗ್ತೀನಿ. ಪದಗಳ ಸಾಲು ಒಂದೇ, ಕ್ರಿಯಾಪದ ಕೊನೆಗೆ. ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಲ್ಲಿ ಆಡೋ ತೆಲುಗೂ ಹೀಗೇ. ಇಲ್ಲಿನ 'ನಿ' ನಮ್ಮ 'ಗೆ', 'ಕ್ಕೆ'. ಹಾಗೇ 'ಒ' ಅಂದ್ರೆ 'ಅನ್ನು', 'ಕರ' ಅಂದ್ರೆ 'ಇಂದ', 'ಮೊ' ಅಂದ್ರೆ 'ನಾನೂ' ಅನ್ನೋದರ 'ಊ'. ವಾಕ್ಯದ ಕೊನೆಗೆ ಬರೋ 'ಕ', 'ಬರ್ತೀರಾ?' ಅನ್ನೋದರ 'ಆ'.

ಎಲ್ಲವೂ ಹೊಂದೋದಿಲ್ಲ, ನಿಜ. 'ಮಾಲೂರಲ್ಲಿ ಇದ್ದೀನಿ', 'ಮಾಲೂರಲ್ಲಿ ಕೆಲಸ ಮಾಡ್ತೀನಿ': ಎರಡಕ್ಕೂ ನಮ್ಮದು ಒಂದೇ 'ಅಲ್ಲಿ'. ಅವರಿಗೆ ಇರೋದಕ್ಕೆ 'ನಿ', ಕೆಲಸ ಮಾಡೋದಕ್ಕೆ 'ದೆ'. 'ವ' ಮತ್ತು 'ಗ' ನಡುವಿನ ವ್ಯತ್ಯಾಸಕ್ಕಂತೂ ನಮ್ಮಲ್ಲಿ ನೇರವಾದ ಪ್ರತ್ಯಯಗಳೇ ಇಲ್ಲ. ನಮ್ಮ ಶ್ರಮ ಇಂಥ ಕಡೆ ಹೋಗಬೇಕು, ಇಂಗ್ಲಿಷ್ ವಿವರಣೆ ಬಿಡಿಸೋದಕ್ಕಲ್ಲ.

ನಮ್ಮ ಸಂಘವೇ ಕನ್ನಡದಲ್ಲಿ ಒಂದು ಪ್ರತ್ಯಯ ಪಟ್ಟಿ ಮಾಡಲಿ. ಶುರು ಮಾಡೋಕೆ ಎರಡು ಪುಟ ಸಾಕು.