ಬಿಳಿ ಸೆರಗು ಎಂದು ಬರೆದರೆ ಸಾಕೆ?

ರಾಮನಗರದ ಗೂಡಿನ ಮಾರುಕಟ್ಟೆಗೆ ರೈತ ರೇಷ್ಮೆ ಗೂಡು ತಂದು ಸುರಿದರೆ ಆ ಲಾಟಿಗೊಂದು ನಂಬರು ಬೀಳುತ್ತದೆ. ತೂಕ, ದರ ಎಲ್ಲವೂ ಚೀಟಿಗೆ ಬರುತ್ತದೆ. ನಾಳೆ ತಕರಾರು ಎದ್ದರೆ ಆ ಚೀಟಿಯೇ ಸಾಕ್ಷಿ. ಅದೇ ರೈತನ ಸೊಸೆ ಆರು ತಿಂಗಳ ಬಸುರಿ ಎಂದಿಟ್ಟುಕೊಳ್ಳಿ. "ಬಿಳೀದು ಹೋಯ್ತದೆ ಕಣಕ್ಕ, ನವೆ ಬೇರೆ ತಡೆಯಕ್ಕಾಗಲ್ಲ" ಎಂದು ಆಶಾ ಕಾರ್ಯಕರ್ತೆಯ ಕಿವಿಯಲ್ಲಿ ಹೇಳಿ, ನಾಚಿಕೊಂಡೇ ಆಸ್ಪತ್ರೆಗೆ ಹೋಗುತ್ತಾಳೆ. ಚೀಟಿಯಲ್ಲಿ ‘ಬಿಳಿ ಸೆರಗು’ ಎಂಬ ಎರಡು ಪದ, ಕೆಳಗೊಂದು ಮಾತ್ರೆಯ ಹೆಸರು. ಎಷ್ಟು ವಾರದ ಬಸಿರು, ಏನು ಕಂಡಿತು, ಯಾವ ಸೋಂಕು, ಒಂದೂ ಇಲ್ಲ. ಗೂಡಿಗೆ ಇರುವ ಲೆಕ್ಕ ಗರ್ಭಕ್ಕೆ ಬೇಡವೆ?

ಬಿಳಿ ಸೆರಗು ಎಂಬುದು ರೋಗದ ಹೆಸರಲ್ಲ, ದೂರಿನ ಹೆಸರು. ಬಸುರಿಯರಿಗೆ ಸ್ವಲ್ಪ ಬಿಳುಪು ಹೋಗುವುದು ಸಹಜ. ಮೊಸರಿನ ಗಟ್ಟಿಯಂತೆ ಹೋಗಿ ನವೆ ಇದ್ದರೆ ಅದು ಬಹುಮಟ್ಟಿಗೆ ಶಿಲೀಂಧ್ರದ ಸೋಂಕು. ತೆಳುವಾಗಿ ಹೋಗಿ ಮೀನಿನ ವಾಸನೆ ಬಂದರೆ ಬ್ಯಾಕ್ಟೀರಿಯಾದ್ದು ಇರಬಹುದು. ಹಳದಿ ಹಸಿರು ನೊರೆ ಇದ್ದರೆ ಟ್ರೈಕೊಮೊನಾಸ್ ಇದ್ದೀತು. ಈ ಕೊನೆಯ ಎರಡಕ್ಕೂ ದಿನ ತುಂಬುವ ಮೊದಲೇ ಆಗುವ ಹೆರಿಗೆಗೂ ನಂಟಿರುವುದು ವೈದ್ಯಲೋಕಕ್ಕೆ ಗೊತ್ತಿರುವ ಸಂಗತಿ. ಶಿಲೀಂಧ್ರದ ಸೋಂಕು ಮತ್ತೆ ಮತ್ತೆ ಬಂದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಬೇಕು. ಕೆಲವೊಮ್ಮೆ ಹೋಗುತ್ತಿರುವುದು ಬಿಳುಪೇ ಅಲ್ಲ, ಗರ್ಭದ ನೀರು! ಇಷ್ಟನ್ನೂ ಎರಡು ಪದದಲ್ಲಿ ಮುಚ್ಚಿಟ್ಟರೆ ಮುಂದೆ ನೋಡುವ ಡಾಕ್ಟರಿಗೆ ಏನು ತಿಳಿದೀತು?

ಔಷಧದ ಕಥೆಯೂ ಇದೇ. ಇಂಥ ಸೋಂಕುಗಳಿಗೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಣ್ಣಬಣ್ಣದ ಕಿಟ್‌ಗಳ ಪದ್ಧತಿ ಇದೆ. ಬಿಳಿ ಸೆರಗಿನ ದೂರಿಗೆ ಹಸಿರು ಕಿಟ್. ಅದರಲ್ಲಿರುವುದು ಸೆಕ್ನಿಡಜೋಲ್ ಮತ್ತು 150 ಮಿಲಿಗ್ರಾಂ ಫ್ಲುಕೋನಜೋಲ್ ಮಾತ್ರೆ. ಬಸಿರಿಲ್ಲದ ಹೆಣ್ಣಿಗೆ ಅದು ಸರಿ. ಬಸುರಿಗೆ ಶಿಲೀಂಧ್ರದ ಸೋಂಕಾದರೆ ನುಂಗುವ ಫ್ಲುಕೋನಜೋಲ್ ಬಿಟ್ಟು ಕ್ಲೋಟ್ರಿಮಜೋಲ್‌ನಂಥ ಒಳಗಿಡುವ ಮಾತ್ರೆ ಕೊಡಬೇಕು. ನುಂಗುವ ಮಾತ್ರೆಯಿಂದ ಗರ್ಭಪಾತದ ಅಪಾಯ ಇರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲೇ ಎಚ್ಚರಿಸಿತ್ತು. ಚೀಟಿಯಲ್ಲಿ ‘ಬಸುರಿ, ಇಷ್ಟು ವಾರ’ ಎಂಬ ಮಾತೇ ಇಲ್ಲದಿದ್ದರೆ ಔಷಧದ ಕಿಟಕಿಯಲ್ಲಿ ಕೂತವರು ಏನು ಮಾಡಬೇಕು? ಮೂರನೇ ತಿಂಗಳ ಹೊಟ್ಟೆ ಕಿಟಕಿಯಿಂದ ಕಾಣುತ್ತದೆಯೆ?

ಇನ್ನು ನಮ್ಮ ಕಡೆಯ ಪದ್ಧತಿ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಹೆಣ್ಣು ತವರಿಗೆ ಹೊರಡುತ್ತಾಳೆ. ಚನ್ನಪಟ್ಟಣದಲ್ಲಿ ತೋರಿಸಿಕೊಂಡವಳು ಕನಕಪುರದಲ್ಲೋ ಮಾಗಡಿಯಲ್ಲೋ ಹೆರುತ್ತಾಳೆ. ಕಷ್ಟವಾದರೆ ಬೆಂಗಳೂರಿನ ವಾಣಿ ವಿಲಾಸಕ್ಕೋ ಮಂಡ್ಯದ ಮಿಮ್ಸ್‌ಗೋ ಓಟ. ಅಲ್ಲಿನ ಡಾಕ್ಟ್ರಮ್ಮ ಈ ಹೆಣ್ಣನ್ನು ಹಿಂದೆ ಕಂಡವರಲ್ಲ. "ಅದೇನೋ ಮಾತ್ರೆ ಕೊಟ್ಟಿದ್ರು ಕಣಮ್ಮ" ಎಂದು ತಾಯಿ ಹೇಳುವ ಮಾತಿನಿಂದ ಚಿಕಿತ್ಸೆ ನಡೆಯದು. ಆ ಹೊತ್ತಿಗೆ ಮಾತಾಡಬೇಕಾದ್ದು ತಾಯಿ ಕಾರ್ಡ್ ಒಂದೇ.

ಇದಕ್ಕೆ ಹೊಸ ವಿದ್ಯೆ ಏನೂ ಬೇಕಿಲ್ಲ. ರೋಗಗಳಿಗೆ ಅಕ್ಷರ, ಅಂಕಿಯ ಗುರುತು ಕೊಡುವ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಮಾಡಿಟ್ಟಿದೆ. ಅದರ 10ನೇ ಆವೃತ್ತಿಯಲ್ಲಿ ಬಸಿರಿನ ಅಧ್ಯಾಯದ ಗುರುತು ‘ಓ’ ಅಕ್ಷರ. ಬಸುರಿಯ ಜನನಾಂಗದ ಸೋಂಕಿಗೆ ಓ 23.5. ಬಸಿರಿಲ್ಲದವರ ಯೋನಿಯ ಉರಿಯೂತಕ್ಕೆ ಬೇರೆ ಗುರುತು, ಎನ್ 76. ‘ಓ’ ಬದಲು ‘ಎನ್’ ಬರೆದರೆ ದಾಖಲೆಯಲ್ಲಿ ಬಸಿರೇ ಮಾಯ! ಯಾವ ಸೋಂಕೆಂದು ಹೇಳಲೂ ಗುರುತುಗಳಿವೆ. ಶಿಲೀಂಧ್ರಕ್ಕೆ ಬಿ 37.3, ಟ್ರೈಕೊಮೊನಾಸ್‌ಗೆ ಎ 59.0. ಕೇಂದ್ರ ಸರ್ಕಾರದ 2016ರ ಆರೋಗ್ಯ ದಾಖಲೆ ಮಾನದಂಡವೂ ಈ ಪಟ್ಟಿಯನ್ನು ಒಪ್ಪಿದೆ. ಗುರುತು ಹಾಕುವುದು ವಿಮೆ ಹಣ ವಸೂಲಿಗೆ ಎಂದು ತಿಳಿದವರೇ ಹೆಚ್ಚು. ತಾಲ್ಲೂಕಿನಲ್ಲಿ ಎಷ್ಟು ಬಸುರಿಯರಿಗೆ ಯಾವ ಸೋಂಕು, ಯಾವ ಔಷಧ ಎಷ್ಟು ತರಿಸಬೇಕು ಎಂಬ ಲೆಕ್ಕ ಸಿಗುವುದೂ ಇದರಿಂದಲೇ. ‘ಬಿಳಿ ಸೆರಗು’ ಎಂಬ ಸಾವಿರ ಚೀಟಿ ಕೂಡಿಸಿದರೂ ಆ ಲೆಕ್ಕ ಸಿಗದು.

ಮರ್ಯಾದೆಯ ಪ್ರಶ್ನೆಯೂ ಇದೆ. ತಾಯಿ ಕಾರ್ಡನ್ನು ಅತ್ತೆ ನೋಡುತ್ತಾರೆ, ನಾದಿನಿ ನೋಡುತ್ತಾಳೆ. ಟ್ರೈಕೊಮೊನಾಸ್ ಆದರೆ ಗಂಡನಿಗೂ ಔಷಧ ಕೊಡಲೇಬೇಕು, ಇಲ್ಲವಾದರೆ ಸೋಂಕು ಮತ್ತೆ ಬರುತ್ತದೆ. ಅದನ್ನು ಬಿಡಿಸಿ ಬರೆದರೆ ಮನೆಯಲ್ಲಿ ರಂಪ. ತಪ್ಪು ಹೊರುವವಳು ಮಾತ್ರ ಹೆಣ್ಣು. ಕಾರ್ಡಿನಲ್ಲಿ ಗುರುತಿದ್ದರೆ ಡಾಕ್ಟರಿಗೆ ತಿಳಿಯುತ್ತದೆ, ಮನೆಮಂದಿಗೆ ಅದು ಬರೀ ಅಂಕಿ. ಆದರೆ ಆ ಅಂಕಿಯ ಅರ್ಥ ಹೆಣ್ಣಿಗೆ ಮಾತ್ರ ಗೊತ್ತಿರಲೇಬೇಕು. ಪಕ್ಕಕ್ಕೆ ಕರೆದು ಎರಡು ಮಾತು ಬಿಡಿಸಿ ಹೇಳುವುದು ಸಿಬ್ಬಂದಿಯ ಧರ್ಮ. ಸಾಲಿನಲ್ಲಿ ನಿಂತವರೆದುರು ಕೂಗಿ ಕೇಳುವುದು ಧರ್ಮವಲ್ಲ.

"ಬರೆಯೋಕೆ ಪುರುಸೊತ್ತೆಲ್ಲಿದೆ ಸ್ವಾಮಿ?" ಎಂಬ ಮಾತು ಬರುತ್ತದೆ. ಸುಳ್ಳಲ್ಲ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ 2016ರಲ್ಲಿ ಶುರುವಾದ ಮೇಲೆ ಪ್ರತಿ ತಿಂಗಳ 9ನೇ ತಾರೀಖು ಬಸುರಿಯರ ತಪಾಸಣೆಯ ದಿನ. ಅಂದು ಒಬ್ಬ ಡಾಕ್ಟರ ಮುಂದೆ ಉದ್ದ ಸಾಲು. ಹಾಗಾದರೆ ಒಂದು ರಬ್ಬರ್ ಸ್ಟಾಂಪ್ ಮಾಡಿಸಲಿ. ಅದರಲ್ಲಿ ಐದೇ ಸಾಲು: ಎಷ್ಟು ವಾರ, ಏನು ಕಂಡಿತು, ಯಾವ ಸೋಂಕು ಮತ್ತು ಗುರುತು, ಏನು ಔಷಧ ಎಷ್ಟು ದಿನ, ಮತ್ತೆ ಯಾವಾಗ ಬರಬೇಕು. ಸ್ಟಾಂಪ್ ಒತ್ತಿ ತುಂಬಲು ಒಂದು ನಿಮಿಷ. ಪರೀಕ್ಷೆ ಮಾಡದೆ ಅಂದಾಜಿನ ಮೇಲೆ ಔಷಧ ಕೊಟ್ಟಿದ್ದರೆ ಅದನ್ನೂ ಬರೆಯಲಿ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯುವುದು ಏನೂ ಬರೆಯದಿರುವುದಕ್ಕಿಂತ ಕೆಟ್ಟದ್ದು.

ಖಾಸಗಿ ನರ್ಸಿಂಗ್ ಹೋಮ್‌ನವರಿಗೂ ಈ ಮಾತು ಸಲ್ಲುತ್ತದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವೇ ಹೇಳುತ್ತದೆ. ಬರೆದೇ ಇಲ್ಲದ್ದನ್ನು ಕೊಡುವುದು ಹೇಗೆ?

ಬಸುರಿ ಹೆಣ್ಣುಮಕ್ಕಳೂ ಸುಮ್ಮನಿರಬೇಕಿಲ್ಲ. ಕಾರ್ಡ್ ಕೈಗೆ ಬಂದಾಗ "ಡಾಕ್ಟ್ರಮ್ಮ, ನಂಗೆ ಏನಾಗಿದೆ ಅಂತ ಇದ್ರಲ್ಲಿ ಬರೆದಿದೀರಾ?" ಎಂದು ಒಂದು ಮಾತು ಕೇಳಲಿ. ಕೇಳುವುದು ಅಧಿಕಪ್ರಸಂಗವಲ್ಲ, ಹಕ್ಕು. ತಾಲ್ಲೂಕು ಆರೋಗ್ಯಾಧಿಕಾರಿಗಳು ಮುಂದಿನ 9ನೇ ತಾರೀಖಿನೊಳಗೆ ಆ ಸ್ಟಾಂಪ್ ಮಾಡಿಸುವರೆ? ಜನ ನೋಡುತ್ತಿದ್ದಾರೆ.