ತಾಂಡಾದ ಮಾತು ಹಿಂದಿಯ ಲೆಕ್ಕಕ್ಕೇಕೆ?

2027ರ ಜನಗಣತಿಯ ಚರ್ಚೆಯೆಲ್ಲ ಜಾತಿ ಕಾಲಂನ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಗುಳೇದಗುಡ್ಡ, ಬಾದಾಮಿ, ಹುನಗುಂದ, ಇಳಕಲ್ ಸುತ್ತಲಿನ ಲಂಬಾಣಿ ತಾಂಡಾಗಳಿಗೂ ಅದೇ ಚಿಂತೆ. 2025ರ ಆಗಸ್ಟ್‌ನಲ್ಲಿ ಒಳಮೀಸಲಾತಿ ಹಂಚಿಕೆಯಾಗಿ ಲಂಬಾಣಿ, ಭೋವಿ, ಕೊರಮ, ಕೊರಚ ಸಮುದಾಯಗಳು ಶೇ 5ರ ಗುಂಪಿಗೆ ಸೇರಿದ ಮೇಲಂತೂ ಆತಂಕ ಇಮ್ಮಡಿಸಿದೆ. ಅದು ಸಹಜ. ಆದರೆ ಗಣತಿದಾರ ಮಾತೃಭಾಷೆಯನ್ನೂ ಕೇಳಿ ಬರೆದುಕೊಳ್ಳುತ್ತಾನೆ. ಲಂಬಾಣಿ ಭಾಷೆಯ ಮುಂದಿನ ದಾರಿ ಸೇವಾಲಾಲ್ ಜಯಂತಿಯ ವೇದಿಕೆಗಿಂತ, ಬಂಜಾರ ಅಕಾಡೆಮಿಯ ಪ್ರಶಸ್ತಿಗಳಿಗಿಂತ ಹೆಚ್ಚಾಗಿ ಆ ಒಂದು ಉತ್ತರದಲ್ಲಿ ತೀರ್ಮಾನವಾಗುತ್ತದೆ. ಅದರ ಬಗ್ಗೆ ಸರ್ಕಾರವೂ ಮಾತಾಡುತ್ತಿಲ್ಲ, ಸಮುದಾಯದ ಮುಂದಾಳುಗಳೂ ಮಾತಾಡುತ್ತಿಲ್ಲ.

2011ರ ಭಾಷಾ ಪಟ್ಟಿ ತೆರೆದು ನೋಡಿ. ಲಮಾಣಿ/ಲಂಬಾಡಿ ಎಂಬ ಸಾಲಿನಲ್ಲಿ 32,76,548 ಜನ ಇದ್ದಾರೆ. ಅದೇ ಪಟ್ಟಿಯ ಬಂಜಾರಿ ಎಂಬ ಸಾಲಿನಲ್ಲಿ 15,81,271. ಒಂದೇ ಜನ, ಒಂದೇ ಮಾತು, ಎರಡು ಸಾಲು. ಕೂಡಿದರೆ 48 ಲಕ್ಷ ದಾಟುತ್ತದೆ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಕುಳಿತಿರುವ ಬೋಡೊ, ಮಣಿಪುರಿ, ಕೊಂಕಣಿ, ಡೋಗ್ರಿ, ಸಿಂಧಿ, ನೇಪಾಳಿ ಈ ಆರರಲ್ಲಿ ಒಂದಕ್ಕೂ ಅಷ್ಟು ಸಂಖ್ಯೆ ಇಲ್ಲ. ಆದರೂ ಲಂಬಾಣಿಗೆ ಸ್ವತಂತ್ರ ಭಾಷೆಯ ಸ್ಥಾನವಿಲ್ಲ, ಏಕೆಂದರೆ ಈ ಎರಡೂ ಸಾಲುಗಳನ್ನು ಗಣತಿ ಇಲಾಖೆ ಹಿಂದಿಯ ಒಳಗೆ ಸೇರಿಸಿಬಿಟ್ಟಿದೆ. 1907ರಲ್ಲಿ ಭಾರತೀಯ ಭಾಷಾ ಸರ್ವೇಕ್ಷಣೆಯ ಒಂಬತ್ತನೇ ಸಂಪುಟದ ಮೂರನೇ ಭಾಗ ಹೊರಬಂದಾಗ ಅದರ ಸಂಪಾದಕ ಗ್ರಿಯರ್ಸನ್ ಈ ಭಾಷೆಗೆ ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟಿದ್ದ. ನೂರು ವರ್ಷದಲ್ಲಿ ನಾವು ಮುಂದೆ ಹೋಗಿಲ್ಲ, ಹಿಂದಕ್ಕೆ ಬಂದಿದ್ದೇವೆ.

ಇದು ಲಂಬಾಣಿಗರ ಸಮಸ್ಯೆ ಮಾತ್ರ ಎಂದುಕೊಳ್ಳುವ ಕನ್ನಡಿಗರು ಇನ್ನೊಂದು ಸಂಖ್ಯೆಯನ್ನು ನೆನಪಿಡಬೇಕು. ದೇಶದ ಶೇ 43.63 ಜನರ ಭಾಷೆ ಹಿಂದಿ ಎಂದು ದೆಹಲಿ ಹೇಳುತ್ತದೆಯಲ್ಲ, ಆ 52.83 ಕೋಟಿಯಲ್ಲಿ ತಮ್ಮ ಮಾತೃಭಾಷೆ ಹಿಂದಿ ಎಂದೇ ಬರೆಸಿದವರು ಸುಮಾರು 32 ಕೋಟಿ ಮಾತ್ರ. ಉಳಿದವರು ಭೋಜಪುರಿ, ಛತ್ತೀಸಗಢಿ, ಮಗಹಿ ಮೊದಲಾದ ಮಾತುಗಳ ಜನ. ನಮ್ಮ ಹುನಗುಂದ ತಾಂಡಾದ ಅಜ್ಜಿಯೂ ಅವರ ಜೊತೆ ಅದೇ ಮೊತ್ತದಲ್ಲಿದ್ದಾಳೆ. ಆಕೆ ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ಕನ್ನಡ ಆಡುವವಳು. ಹಿಂದಿ ಹೇರಿಕೆಯ ವಿರುದ್ಧ ಬೀದಿಗಿಳಿಯುವ ರಾಜ್ಯ ತನ್ನದೇ ಜನರನ್ನು ಹಿಂದಿಯ ಮೊತ್ತಕ್ಕೆ ಬಿಟ್ಟುಕೊಟ್ಟು ಸುಮ್ಮನಿರುವುದನ್ನು ಒಪ್ಪಲಾಗದು.

ಗಣತಿಯ ವರ್ಗೀಕರಣವನ್ನು ಯಾರು ಬದಲಿಸಲು ಸಾಧ್ಯ ಎಂದು ಕೇಳುವವರಿಗೆ ಮೈಥಿಲಿಯ ಉದಾಹರಣೆ ಇದೆ. 1991ರಲ್ಲಿ ಮೈಥಿಲಿಯೂ ಹಿಂದಿಯ ಒಳಗೇ ಇತ್ತು. ಆಗ ಅದನ್ನು ಬರೆಸಿದವರು ಸುಮಾರು 77 ಲಕ್ಷ. 2001ರಲ್ಲಿ ಸಂಖ್ಯೆ 1.21 ಕೋಟಿಗೆ ಏರಿತು. ಹತ್ತು ವರ್ಷದ ಜನನದಿಂದಷ್ಟೇ ಒಂದು ಭಾಷಾ ಸಮುದಾಯ ಇಷ್ಟು ಬೆಳೆಯುವುದಿಲ್ಲ. ಮೊದಲು ಹಿಂದಿ ಎನ್ನುತ್ತಿದ್ದ ಎಷ್ಟೋ ಮನೆಗಳು ಈ ಸಲ ಮೈಥಿಲಿ ಎಂದಿದ್ದವು. ಆ ಎಣಿಕೆ ನಡೆದ ಫೆಬ್ರುವರಿಯಲ್ಲಿ ಮೈಥಿಲಿ ಇನ್ನೂ ಎಂಟನೇ ಪರಿಚ್ಛೇದಕ್ಕೆ ಸೇರಿರಲಿಲ್ಲ. ಸೇರಿದ್ದು 2003ರ 92ನೇ ತಿದ್ದುಪಡಿಯಿಂದ. ಆ ಬಳಿಕ 2001ರ ಭಾಷಾ ಅಂಕಿಅಂಶ ಪ್ರಕಟವಾದಾಗ ಅದು ಹಿಂದಿಯಿಂದ ಹೊರಬಂದು ತನ್ನ ಹೆಸರಲ್ಲೇ ನಿಂತಿತ್ತು. ಜನ ಮೊದಲು ಬರೆಸಿದರು, ಮಾನ್ಯತೆ ಆಮೇಲೆ ಬಂತು. ಎಂಟನೇ ಪರಿಚ್ಛೇದಕ್ಕೆ ಸೇರಿಸಿ ಎಂದು ಮನವಿಪತ್ರ ಕೊಟ್ಟು ಫೋಟೊ ತೆಗೆಸಿಕೊಳ್ಳುವ ನಮ್ಮ ಜನಪ್ರತಿನಿಧಿಗಳು ಈ ಕ್ರಮವನ್ನು ಗಮನಿಸಿಯೇ ಇಲ್ಲ.

ಅಳಿವಿನಂಚಿನ ಭಾಷೆಗಳಿಗಾಗಿ ಕೇಂದ್ರದ ಯೋಜನೆಯೊಂದಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2013ರಿಂದ ಅದನ್ನು ನಡೆಸುತ್ತಿದೆ. ಆದರೆ ಅದು ನೋಡಿಕೊಳ್ಳುವುದು 10,000ಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು. ಅಲ್ಲಿಗೆ ಲಂಬಾಣಿ ದೊಡ್ಡದಾಯಿತು, ಎಂಟನೇ ಪರಿಚ್ಛೇದಕ್ಕೆ ಅದು ಹಿಂದಿಯಾಯಿತು. ಹತ್ತು ಸಾವಿರಕ್ಕೆ ಇಳಿಯುವವರೆಗೆ ಕಾಯುವುದೆಂದರೆ ಏನೆಂದು ಅಮೆರಿಕದ ಪೊಟಾವಾಟೊಮಿ ಜನರನ್ನು ಕೇಳಬೇಕು. 1838ರಲ್ಲಿ ಅವರನ್ನು ಸಶಸ್ತ್ರ ಕಾವಲಿನಲ್ಲಿ ಇಂಡಿಯಾನಾದಿಂದ ಕ್ಯಾನ್ಸಸ್‌ಗೆ ಅಟ್ಟಲಾಯಿತು. ಮುಂದಿನ ತಲೆಮಾರುಗಳ ಮಕ್ಕಳನ್ನು ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಗೊಡದ ವಸತಿಶಾಲೆಗಳಿಗೆ ಸೇರಿಸಲಾಯಿತು. ಇಂದು ಆ ಭಾಷೆಯನ್ನು ತೊಟ್ಟಿಲಿನಿಂದಲೇ ಕಲಿತು ಬಂದ ಹಿರಿಯರು ಬೆರಳೆಣಿಕೆಯಷ್ಟು. ಅವರಿರುವಾಗಲೇ ನಿಘಂಟು, ಧ್ವನಿಮುದ್ರಣ, ತರಗತಿಗಳ ಕೆಲಸ ಮುಗಿಸಬೇಕೆಂದು ಆ ಜನ ಹೆಣಗುತ್ತಿದ್ದಾರೆ. ನಮಗೆ ಇನ್ನೂ ಕಾಲವಿದೆ, ಲಕ್ಷಗಟ್ಟಲೆ ಜನರಿದ್ದಾರೆ.

ಆದರೆ ಸಂಖ್ಯೆ ಉಳಿದಷ್ಟು ಸುಲಭವಾಗಿ ಹಾಡು ಉಳಿಯುವುದಿಲ್ಲ. ಮದುವೆಯ ಮನೆಯಲ್ಲಿ ಮದುಮಗಳು ತವರನ್ನು ನೆನೆದು ಅಳುತ್ತ ಹಾಡುವ ಢಾವಲೋ, ಹೋಳಿಯ ಲೆಂಗಿ, ತೀಜ್‌ನಲ್ಲಿ ಗೋಧಿಯ ಸಸಿ ಬೆಳೆಸುತ್ತ ಹುಡುಗಿಯರು ಕಲಿಯುವ ಹಾಡು, ವಂಶಾವಳಿಯನ್ನು ಬಾಯಲ್ಲೇ ಹೊತ್ತು ತಿರುಗುವ ಢಾಡಿಯ ಕಥನ, ಇವುಗಳಲ್ಲಿ ಹೆಚ್ಚಿನವು ಕಾಗದ ಕಂಡಿಲ್ಲ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತಿದ ಲದೇಣಿಯ ನೆನಪು ಇರುವುದೂ ಅಲ್ಲಿಯೇ. ಢಾವಲೋ ಯಾರೂ ಪಾಠ ಮಾಡಿ ಕಲಿಸುವ ಹಾಡಲ್ಲ. ಪಕ್ಕದಲ್ಲಿ ಕೂತ ಹಿರಿಯಳ ಅಳುವಿನಿಂದ ಕಿರಿಯಳಿಗೆ ಬರುತ್ತದೆ. ಮದುವೆ ಮಂಟಪ ತಾಂಡಾದಿಂದ ಕಲ್ಯಾಣಮಂಟಪಕ್ಕೆ ಹೋಗಿ, ಡಿಜೆ ಬಂದ ಮೇಲೆ ಆ ಪಕ್ಕ ಕೂರುವುದೇ ನಿಂತಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಬಂಜಾರ ಅಕಾಡೆಮಿ ಮೂರೂ ಸೇರಿ ಇದನ್ನು ದಾಖಲಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಲಿಪಿ ಯಾವುದು ಎಂಬ ಜಗಳ ಸದ್ಯಕ್ಕೆ ಬೇಡ. ತಾಂಡಾದ ಮಗು ಒಂದನೇ ತರಗತಿಯಲ್ಲಿ ಕಲಿಯುವ ಕನ್ನಡ ಲಿಪಿಯೇ ಸಾಕು.

ನಾವು ಬಟ್ಟೆಯನ್ನು ಕಾಪಾಡಿಕೊಂಡಿದ್ದೇವೆ. ಗುಳೇದಗುಡ್ಡದ ಖಣ, ಇಳಕಲ್ ಸೀರೆ, ಸಂಡೂರಿನ ಲಂಬಾಣಿ ಕಸೂತಿ ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಹೆಸರು ದಾಖಲಾದರೆ ಏನು ಸಿಗುತ್ತದೆ ಎಂಬುದು ಗುಳೇದಗುಡ್ಡದ ನೇಕಾರನಿಗೆ ಗೊತ್ತಿದೆ. ಕಸೂತಿ ಹಾಕುವ ಕೈಗೆ ಸಿಕ್ಕಿದ್ದು ಅವಳ ಬಾಯಿಯ ಮಾತಿಗೆ ಸಿಕ್ಕಿಲ್ಲ.

ಈಗ ಆಗಬೇಕಾದದ್ದು ಎರಡು. ರಾಜ್ಯ ಸರ್ಕಾರ ಲಂಬಾಣಿಯನ್ನು ಹಿಂದಿಯಿಂದ ಬೇರ್ಪಡಿಸಿ, ಎರಡು ಸಾಲು ಕೂಡಿಸಿ ಎಂದು ರಿಜಿಸ್ಟ್ರಾರ್ ಜನರಲ್‌ಗೆ ಲಿಖಿತವಾಗಿ ಕೇಳಬೇಕು. ಅಕಾಡೆಮಿ ಮತ್ತು ತಾಂಡಾ ಅಭಿವೃದ್ಧಿ ನಿಗಮ ಒಂದೇ ಹೆಸರನ್ನು ಗೊತ್ತುಮಾಡಿ, ಪ್ರತಿ ತಾಂಡಾದ ನಾಯಕ, ಕಾರಭಾರಿಗೆ ಮುಟ್ಟಿಸಬೇಕು. ಎರಡನೆಯದಕ್ಕೆ ಗಡುವಿದೆ. ಜನರನ್ನು ಎಣಿಸುವುದು 2027ರ ಫೆಬ್ರುವರಿಯಲ್ಲಿ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಗುಳೆ ಹೋದ ನಮ್ಮ ತಾಂಡಾಗಳ ಎಷ್ಟೋ ಮನೆಗಳಿಗೆ ಆಗ ಬೀಗ ಬಿದ್ದಿರುತ್ತದೆ. ಮಹಾರಾಷ್ಟ್ರದ ಕಬ್ಬಿನ ಗದ್ದೆಯಂಚಿನ ಗುಡಿಸಲಿಗೋ ಗೋವಾದ ಶೆಡ್‌ಗೋ ಬರುವ ಗಣತಿದಾರನಿಗೆ ಇವರ ಮಾತು ಯಾವುದೆಂದು ಗೊತ್ತಿರುವುದಿಲ್ಲ. ಕೂಲಿಗಳನ್ನು ಕರೆತಂದ ಮುಕಾದಮ ಹೇಳಿದ್ದೇ ದಾಖಲೆಯಾಗುತ್ತದೆ. ಗುಳೆ ಹೋಗುವವರು ಊರಲ್ಲಿ ಒಟ್ಟಿಗೆ ಸಿಗುವುದು ದೀಪಾವಳಿ ಅಮಾವಾಸ್ಯೆಗೆ, ಹುಡುಗಿಯರು ದೀಪ ಹಿಡಿದು ಮನೆಮನೆಗೆ ಮೇರಾ ಹಾಡಿಕೊಂಡು ಬರುವ ರಾತ್ರಿಗೆ. ಅದಕ್ಕೂ ಮೊದಲೇ ಸುತ್ತೋಲೆ ತಾಂಡಾ ತಲುಪಿರಬೇಕು.